ಎದೆಯ ಫೋಟೊ ಮತ್ತು ಬೆಳಗಿನ ಕಫ

ನಮ್ಮ ಅತ್ತೆಗೆ ಎಕ್ಸ್‌ರೇ ಅಂದರೆ ಆಗುವುದಿಲ್ಲ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಊದಿಕೊಂಡಾಗಲೂ ಅರಿಶಿನ ಪಟ್ಟು ಹಾಕಿಕೊಂಡು ಕೂತರೇ ಹೊರತು ಎಕ್ಸ್‌ರೇ ತೆಗೆಸಲು ಒಪ್ಪಲಿಲ್ಲ. ಚಿಕ್ಕವನಾಗಿದ್ದಾಗ ಇದು ಬರೀ ಹಟ ಅಂದುಕೊಂಡಿದ್ದೆ. ಕಾರಣ ಗೊತ್ತಾಗಿದ್ದು ತುಂಬಾ ತಡವಾಗಿ.

1981ರಲ್ಲಿ ಅತ್ತೆಗೆ 19 ವರ್ಷ. ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಆ ಮಳೆಗಾಲ ಅವರಿಗೆ ತಿಂಗಳಾದರೂ ಹೋಗದ ಕೆಮ್ಮು. ತಾತ ಬಸ್ಸು ಹತ್ತಿಸಿಕೊಂಡು ಪೇಟೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು 'ಎದೆ ಫೋಟೊ' ತೆಗೆಸಿದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬಲಗಡೆ ಮೇಲುಭಾಗದಲ್ಲಿ ಒಂದು ಬಿಳಿ ಕಲೆ ತೋರಿಸಿ, ಟಿಬಿ ಅಂದುಬಿಟ್ಟರು. ಅಷ್ಟೇ. ಮೂರು ತಿಂಗಳು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಒಂದೂವರೆ ವರ್ಷ ಮಾತ್ರೆ. ಮನೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ, ನಡುಮನೆಯಲ್ಲಿ ಮಲಗುವ ಹಾಗಿಲ್ಲ. ಮಾತುಕತೆ ಆಗಿದ್ದ ಗಂಡಿನ ಕಡೆಯವರು ಯಾರ ಬಾಯಲ್ಲೋ ಕೇಳಿ ಹಿಂದೆ ಸರಿದರು. ಅತ್ತೆಯ ಮದುವೆ ಆಗಿದ್ದು ನಾಲ್ಕು ವರ್ಷದ ಮೇಲೆ, ಅದೂ ವಿಷಯ ಮುಚ್ಚಿಟ್ಟು.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಇನ್ನೊಬ್ಬ ಡಾಕ್ಟರು ಆ ಹಳೇ ಫಿಲ್ಮನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿದರಂತೆ. ಕಲೆ ಹಾಗೇ ಇತ್ತು. ಒಂದಿಷ್ಟೂ ಬದಲಾಗಿರಲಿಲ್ಲ. "ಇದು ಯಾವಾಗಲೋ ಆಗಿ ವಾಸಿಯಾದ ಗಾಯದ ಗುರುತು ಇರಬಹುದಮ್ಮ. ಆಗ ಕಫ ಪರೀಕ್ಷೆ ಮಾಡಿಸಿದ್ರಾ?" ಅಂತ ಕೇಳಿದರು. ಮಾಡಿಸಿರಲಿಲ್ಲ. ಯಾರೂ ಕೇಳಿರಲಿಲ್ಲ. ಅವರಿಗೆ ಆಗ ಇದ್ದಿದ್ದು ಟಿಬಿಯೇ ಹೌದು ಅಂತ ಈಗ ಯಾರೂ ಹೇಳಲಾರರು, ಅಲ್ಲ ಅಂತಲೂ ಹೇಳಲಾರರು.

ಈ ಕಥೆ ಕೇಳಿದ ದಿನದಿಂದ ನನಗೊಂದು ಪ್ರಶ್ನೆ ಅಂಟಿಕೊಂಡಿತು. ಇದು ಟಿಬಿ, ಇದು ಅಲ್ಲ ಅಂತ ಹೇಳುವುದನ್ನು ವೈದ್ಯರು ಕಲಿತದ್ದು ಹೇಗೆ? ಸಿಕ್ಕಸಿಕ್ಕಲ್ಲಿ ಓದುತ್ತಾ ಹೋದೆ. ಓದಿದಂತೆಲ್ಲಾ ತಿಳಿದ ತಮಾಷೆ ಏನೆಂದರೆ, ಬರೀ ಎಕ್ಸ್‌ರೇ ನಂಬಿ ಟಿಬಿ ಅನ್ನಬಾರದು, ಕಫ ನೋಡಿ ಅಂತ ಲೆಕ್ಕ ಸಮೇತ ತೋರಿಸಿಕೊಟ್ಟವರಲ್ಲಿ ಮುಖ್ಯರಾದವರು ನಮ್ಮ ಬೆಂಗಳೂರಿನವರು. ಅವರು ಓಡಾಡಿದ ಹಳ್ಳಿಗಳು ನಮ್ಮ ತುಮಕೂರು ಜಿಲ್ಲೆಯವು. ಅದೂ ಅತ್ತೆಯ ಎದೆ ಫೋಟೊ ತೆಗೆಯುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ!

ಮೊದಲಿಂದ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ವೈದ್ಯರಿಗಿದ್ದದ್ದು ಕಣ್ಣು ಮತ್ತು ಕಿವಿ. ಮೈ ಸೊರಗಿದೆ, ಸಂಜೆ ಜ್ವರ ಬರುತ್ತದೆ, ಕೆಮ್ಮಿನಲ್ಲಿ ರಕ್ತ ಬರುತ್ತದೆ, ಹಾಗಾದರೆ ಕ್ಷಯ. ಅಷ್ಟು ಹೊತ್ತಿಗೆ ಅದನ್ನು ಪಕ್ಕದ ಮನೆಯವರೂ ಹೇಳಬಹುದಿತ್ತು ಬಿಡಿ. 1761ರಲ್ಲಿ ವಿಯೆನ್ನಾದ ವೈದ್ಯ ಔಯೆನ್‌ಬ್ರುಗ್ಗರ್ ಎದೆಯನ್ನು ಬೆರಳಿಂದ ತಟ್ಟಿ ಸದ್ದು ಕೇಳುವ ಉಪಾಯ ಬರೆದ. ಅವನ ಅಪ್ಪನದು ವಸತಿಗೃಹ. ಪೀಪಾಯಿಯನ್ನು ತಟ್ಟಿ ಮದ್ಯ ಎಲ್ಲಿಯವರೆಗೆ ಇದೆ ಅಂತ ತಿಳಿಯುವುದನ್ನು ಹುಡುಗನಿದ್ದಾಗ ನೋಡಿದ್ದನಂತೆ. ಸಂತೆಯಲ್ಲಿ ನಮ್ಮವರು ಹಲಸಿನಹಣ್ಣು ತಟ್ಟಿ ನೋಡುವುದಿಲ್ಲವೇ, ಹಾಗೆ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್, ಹೆಂಗಸೊಬ್ಬಳ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚವಾಗಿ ಕಾಗದ ಸುರುಳಿ ಸುತ್ತಿ ಇಟ್ಟು ಕೇಳಿದ. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಸತ್ತವರ ಶ್ವಾಸಕೋಶ ಕೊಯ್ದು ನೋಡಿ, ಬದುಕಿದ್ದಾಗ ಕೇಳಿದ ಸದ್ದಿನ ಜೊತೆ ಹೋಲಿಸಿ ನೋಡಿದ್ದು ಅವನ ದೊಡ್ಡ ಕೆಲಸ. 1826ರಲ್ಲಿ ಅವನೇ ಕ್ಷಯದಿಂದ ಸತ್ತ. ಕೊನೆಗೆ ಅವನ ಎದೆಯ ಸದ್ದನ್ನು ಅದೇ ಕೊಳವೆಯಿಂದ ಕೇಳಿದವನು ಅವನ ಸಂಬಂಧಿಯೇ.

ಆದರೆ ಸದ್ದು ಕೇಳಿ ಹೇಳುವುದು ಶ್ವಾಸಕೋಶ ಕೆಟ್ಟಿದೆ ಅಂತ. ಯಾವುದರಿಂದ ಕೆಟ್ಟಿದೆ? ಅದಕ್ಕೆ ಉತ್ತರ ಬಂದದ್ದು 1882ರ ಮಾರ್ಚ್ 24ರ ಸಂಜೆ, ಬರ್ಲಿನ್ನಿನಲ್ಲಿ. ರಾಬರ್ಟ್ ಕೋಖ್ ತನ್ನ ಮೈಕ್ರೋಸ್ಕೋಪುಗಳು, ಸ್ಲೈಡುಗಳು, ಕೃಷಿ ಮಾಡಿದ ಕ್ರಿಮಿಗಳ ಕೊಳವೆಗಳು ಎಲ್ಲವನ್ನೂ ಹೊತ್ತುಕೊಂಡು ಬಂದು ಮೇಜಿನ ಮೇಲೆ ಜೋಡಿಸಿ, ಕ್ಷಯಕ್ಕೆ ಕಾರಣವಾದ ಕ್ರಿಮಿ ಇದು ಅಂತ ತೋರಿಸಿದ. ಏಳು ಸಾವುಗಳಲ್ಲಿ ಒಂದು ಈ ರೋಗದ್ದು ಅಂತ ಅವನೇ ಅಂದ ಕಾಲ ಅದು. ಮಾತು ಮುಗಿದ ಮೇಲೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ.

ಸಭೆಯಲ್ಲಿ ಪಾಲ್ ಏರ್ಲಿಖ್ ಅನ್ನುವ ಯುವಕ ಕೂತಿದ್ದ. ಬಣ್ಣಗಳ ಹುಚ್ಚು ಅವನಿಗೆ. ಕೋಖ್ ಹಾಕಿದ ಬಣ್ಣ ಹಿಡಿಯಲು ಒಂದು ದಿನವೇ ಬೇಕಿತ್ತು, ಕ್ರಿಮಿ ಕಾಣುವುದೂ ಕಷ್ಟ. ಏರ್ಲಿಖ್ ಬೇರೆ ಬಣ್ಣ, ಬೇರೆ ಆಮ್ಲ ಹಾಕಿ ನೋಡಿದ. ಸ್ಲೈಡುಗಳನ್ನು ಒಣಗಲೆಂದು ಆರಿದ ಒಲೆಯ ಮೇಲಿಟ್ಟು ಮಲಗಿದ್ದನಂತೆ, ಕೆಲಸದವಳು ನೋಡದೆ ಬೆಳಿಗ್ಗೆ ಒಲೆ ಹೊತ್ತಿಸಿದಳಂತೆ, ಬಿಸಿಗೆ ಬಣ್ಣ ಚೆನ್ನಾಗಿ ಹಿಡಿಯಿತಂತೆ. ಕಥೆ ಎಷ್ಟು ನಿಜವೋ, ಆದರೆ ಬಿಸಿ ಮಾಡುವುದು ಮಾತ್ರ ಆಮೇಲೆ ವಿಧಾನದೊಳಗೇ ಸೇರಿಕೊಂಡಿತು. ಕೆಲವು ವರ್ಷಗಳ ನಂತರ ಅವನು ಇದೇ ವಿಧಾನದಲ್ಲಿ ತನ್ನ ಕಫವನ್ನೇ ನೋಡಿಕೊಂಡ. ಕ್ರಿಮಿ ಇತ್ತು. ಬಿಸಿಲು ಹುಡುಕಿಕೊಂಡು ಈಜಿಪ್ಟಿಗೆ ಹೋಗಿ ಚೇತರಿಸಿಕೊಂಡು ಬಂದ.

ತ್ಸೀಲ್ ಮತ್ತು ನೀಲ್ಸನ್ ಅನ್ನುವ ಇಬ್ಬರು ಅದನ್ನು ಇನ್ನೂ ತಿದ್ದಿದರು. ಟಿಬಿ ಕ್ರಿಮಿಯ ಮೈಮೇಲೆ ಮೇಣದಂಥ ಪದರ ಇರುತ್ತದೆ. ಸುಲಭಕ್ಕೆ ಬಣ್ಣ ಹಿಡಿಯದು. ಆದರೆ ಕಾರ್ಬಾಲಿಕ್ ಆಮ್ಲ ಬೆರೆಸಿದ ಕೆಂಪು ಬಣ್ಣ ಸುರಿದು ಕೆಳಗಿಂದ ಬಿಸಿ ಕೊಟ್ಟರೆ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಬಿಳಿ ಪಂಚೆಗೆ ಹತ್ತಿದ ಅರಿಶಿನದ ಕಲೆ ಇದ್ದ ಹಾಗೆ. ಆಮೇಲೆ ಗಂಧಕಾಮ್ಲದಲ್ಲಿ ತೊಳೆದರೆ ಉಳಿದ ಎಲ್ಲದರ ಕೆಂಪು ಹೋಗುತ್ತದೆ, ಇದರದ್ದು ಮಾತ್ರ ಉಳಿಯುತ್ತದೆ. ಮೇಲೊಂದಿಷ್ಟು ನೀಲಿ ಹಾಕಿದರೆ ಆಯಿತು, ನೀಲಿ ಬಯಲಿನಲ್ಲಿ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ನೂರಾ ನಲವತ್ತು ವರ್ಷ ದಾಟಿದರೂ ಇದೇ ಬಣ್ಣ, ಇದೇ ಕ್ರಮ ಪ್ರಪಂಚದ ಸಾವಿರಾರು ಸಣ್ಣ ಲ್ಯಾಬುಗಳಲ್ಲಿ ಬಳಕೆಯಲ್ಲಿದೆ. ವೈದ್ಯವಿಜ್ಞಾನದಲ್ಲಿ ಇಷ್ಟು ಬಾಳಿಕೆ ಬಂದದ್ದು ಕಡಿಮೆ.

ಹಾಗಿದ್ದ ಮೇಲೆ ಸಮಸ್ಯೆ ಮುಗಿಯಿತಲ್ಲ ಅನ್ನಬಹುದು. ಮುಗಿಯಲಿಲ್ಲ. 1895ರಲ್ಲಿ ರಾಂಟ್‌ಗೆನ್ ಕ್ಷಕಿರಣ ಕಂಡುಹಿಡಿದ. ಎದೆಯೊಳಗಿನದೇ ಕಣ್ಣಿಗೆ ಕಾಣುವಾಗ ಕಫದ ಡಬ್ಬಿ ಯಾರಿಗೆ ಬೇಕು? ಕಫ ಅಸಹ್ಯ, ಎಕ್ಸ್‌ರೇ ಶುಭ್ರ. ಕಫ ನೋಡುವವನು ಲ್ಯಾಬಿನ ಹುಡುಗ, ಫಿಲ್ಮ್ ನೋಡುವವರು ದೊಡ್ಡ ಡಾಕ್ಟರು. (ಈ ಮರ್ಯಾದೆಯ ಲೆಕ್ಕವೂ ಇತಿಹಾಸದೊಳಗೆ ಕೆಲಸ ಮಾಡಿದೆ ಅಂತ ನನಗೆ ಬಲವಾದ ಅನುಮಾನ.) 1936ರಲ್ಲಿ ಬ್ರೆಜಿಲ್ಲಿನ ಮನುಯೆಲ್ ದಿ ಅಬ್ರೂ ಎಕ್ಸ್‌ರೇ ಪರದೆಯ ಚಿತ್ರವನ್ನು ಸಣ್ಣ ಫಿಲ್ಮಿಗೆ ಇಳಿಸುವ ದಾರಿ ಮಾಡಿದ ಮೇಲಂತೂ ಊರೂರನ್ನೇ ಸಾಲಾಗಿ ನಿಲ್ಲಿಸಿ ಎದೆ ಫೋಟೊ ತೆಗೆಯುವುದು ಶುರುವಾಯಿತು.

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಒಂದು ಸಣ್ಣ ಪ್ರಶ್ನೆ ಎದ್ದಿತು. ಸೈನ್ಯ ಬಿಟ್ಟು ಬಂದ ಲಕ್ಷಾಂತರ ಜನರ ಎದೆ ನೋಡಬೇಕು, ಯಾವ ಅಳತೆಯ ಫಿಲ್ಮ್ ಒಳ್ಳೆಯದು, ದೊಡ್ಡದೋ ಸಣ್ಣದೋ? ಒಂದೇ ಗುಂಪಿನ ಜನರಿಗೆ ನಾಲ್ಕು ಬಗೆಯ ಫಿಲ್ಮಿನಲ್ಲಿ ಫೋಟೊ ತೆಗೆದು, ಪಳಗಿದ ಐದು ಜನ ತಜ್ಞರಿಗೆ ಬೇರೆ ಬೇರೆಯಾಗಿ ಕೊಟ್ಟರು. 1947ರಲ್ಲಿ ಫಲಿತಾಂಶ ಬಂತು. ಫಿಲ್ಮ್ ಯಾವುದಾದರೂ ಅಂಥಾ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ನೋಡುವವರಲ್ಲಿ! ಈ ಸಾಲಿನ ಅಧ್ಯಯನಗಳು ಒಟ್ಟಿನಲ್ಲಿ ಹೇಳಿದ್ದೇನೆಂದರೆ, ರೋಗ ಇದೆ ಎಂದು ಓದಿದ ಫಿಲ್ಮುಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಒಬ್ಬ ತಜ್ಞ ಇನ್ನೊಬ್ಬನನ್ನು ಒಪ್ಪುತ್ತಿರಲಿಲ್ಲ. ಅದಾದರೂ ಹೋಗಲಿ. ಅದೇ ಫಿಲ್ಮನ್ನು ಅದೇ ತಜ್ಞನಿಗೆ ಸ್ವಲ್ಪ ಕಾಲ ಬಿಟ್ಟು ಮತ್ತೆ ಕೊಟ್ಟರೆ ಸುಮಾರು ಐದನೇ ಒಂದು ಭಾಗದಲ್ಲಿ ಅವನು ತನ್ನನ್ನೇ ಒಪ್ಪುತ್ತಿರಲಿಲ್ಲ!

ನಾನು ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಕಿಟಕಿಯ ಬೆಳಕಿಗೆ ಹಿಡಿದ ಆ ಒಂದು ಫಿಲ್ಮ್ ನೆನಪಾಗಿ.

ಆ ಕೆಲಸದ ಲೆಕ್ಕ ಮಾಡಿದ ಯೆರುಶಾಲ್ಮಿ ಅನ್ನುವ ಸಂಖ್ಯಾಶಾಸ್ತ್ರಜ್ಞ, ಯಾವುದೇ ಪರೀಕ್ಷೆಯ ಒಳ್ಳೆಯತನವನ್ನು ಒಂದು ಅಂಕಿಯಲ್ಲಿ ಹೇಳಬಾರದು, ಎರಡರಲ್ಲಿ ಹೇಳಬೇಕು ಅಂದ. ರೋಗ ಇರುವ ನೂರು ಜನರಲ್ಲಿ ಎಷ್ಟು ಜನರನ್ನು ಪರೀಕ್ಷೆ ಹಿಡಿಯುತ್ತದೆ, ಇದೊಂದು. ರೋಗ ಇಲ್ಲದ ನೂರು ಜನರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟುಕೊಡುತ್ತದೆ, ಇದು ಇನ್ನೊಂದು. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಅಂತ ಇವತ್ತು ಎಲ್ಲ ಪರೀಕ್ಷೆಗಳಿಗೂ ಅಂಟಿಸುವ ಜೋಡಿ ಮಾತು ವೈದ್ಯಲೋಕದಲ್ಲಿ ಬೇರೂರಿದ್ದು ಹೀಗೆ, ಟಿಬಿಯ ಎಕ್ಸ್‌ರೇ ಜಗಳದಿಂದ. ಕೊರೊನಾ ಕಾಲದಲ್ಲಿ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಮೊದಲನೆಯದು ಕಡಿಮೆಯಾದರೆ ರೋಗಿ ಮನೆಗೆ ಹೋಗಿ ಸಾಯುತ್ತಾನೆ. ಎರಡನೆಯದು ಕಡಿಮೆಯಾದರೆ ನಮ್ಮ ಅತ್ತೆಯ ಥರ ಬೇರೆ ತಟ್ಟೆ, ಬೇರೆ ಲೋಟ.

ಈಗ ನಮ್ಮ ಕಡೆಗೆ ಬರೋಣ.

ಕ್ಷಯ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯ ಹೆಸರಿನ ಕ್ಷಯರೋಗ ಆಸ್ಪತ್ರೆ ಇದೆ, ಪಿಕೆಟಿಬಿ ಅಂತ ಜನ ಕರೆಯುತ್ತಾರೆ. ನಾಲ್ವಡಿಯವರ ಸೋದರಿ ಮತ್ತು ಆಕೆಯ ಹೆಣ್ಣುಮಕ್ಕಳು ಇದೇ ರೋಗಕ್ಕೆ ಬಲಿಯಾದ ನೆನಪು ಅದು. ಅರಮನೆಯ ಕಥೆಯೇ ಹೀಗಾದರೆ ಉಳಿದವರದು? ಲೆಕ್ಕ ಸಿಕ್ಕಿದ್ದು 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ. ಕಫದಲ್ಲಿ ಕ್ರಿಮಿ ಇರುವವರು ಜಾಗದಿಂದ ಜಾಗಕ್ಕೆ ಸಾವಿರಕ್ಕೆ 2ರಿಂದ 8 ಜನ. ಅದಕ್ಕಿಂತ ದೊಡ್ಡ ಆಘಾತ ಇನ್ನೊಂದಿತ್ತು. ಟಿಬಿ ಪಟ್ಟಣದ ಗಿರಣಿ, ಇಕ್ಕಟ್ಟಿನ ಗಲ್ಲಿಗಳ ರೋಗ, ಹಳ್ಳಿಯ ಗಾಳಿ ಒಳ್ಳೆಯದು ಅಂತ ನಂಬಿದ್ದೆವಲ್ಲ, ಅದು ಸುಳ್ಳಾಯಿತು. ಹಳ್ಳಿಯಲ್ಲೂ ಅಷ್ಟೇ ಇತ್ತು. ದೇಶದ ಹೆಚ್ಚು ಜನ ಇದ್ದದ್ದೇ ಹಳ್ಳಿಯಲ್ಲಿ, ಹಳ್ಳಿಯಲ್ಲಿ ಕರೆಂಟೇ ಇಲ್ಲ, ಎಕ್ಸ್‌ರೇ ಎಲ್ಲಿಂದ ತರೋಣ?

ಇದನ್ನು ಯೋಚಿಸಲೆಂದೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 'ಅವಲಾನ್' ಅನ್ನುವ ಕಟ್ಟಡದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1960ರ ಸೆಪ್ಟೆಂಬರ್ 16ರಂದು ಉದ್ಘಾಟನೆಗೆ ನೆಹರೂ ಬಂದಿದ್ದರು. ಏರ್‌ಪೋರ್ಟಿಗೆ ಹೋಗುವಾಗ ಎಷ್ಟು ಸಲ ಅದರ ಮುಂದೆ ಹಾದಿದ್ದೇನೋ, ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅಲ್ಲಿ ಡಾಕ್ಟರುಗಳ ಜೊತೆ ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರ ಬಲ್ಲವರು ಒಟ್ಟಿಗೆ ಕೂತು ಕೆಲಸ ಮಾಡಿದರು. ಆ ಕಾಲಕ್ಕೆ ಇದು ಅಪರೂಪ.

ಅವರ ತಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿತು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಇನ್ನೊಂದು ಕೆಲಸ ಮಾಡಿದರು. ರೋಗ ಇದ್ದವರನ್ನೂ ಇಲ್ಲದವರನ್ನೂ ಮನೆಗೇ ಹೋಗಿ ಮಾತಾಡಿಸಿದರು. ನಿಮಗೆ ಕೆಮ್ಮು ಇದೆಯಾ, ಎಷ್ಟು ದಿನದಿಂದ, ಅದಕ್ಕೆ ಏನು ಮಾಡಿದಿರಿ? ಹಳ್ಳಿಯವರು ಅಜ್ಞಾನಿಗಳು, ಕಾಯಿಲೆ ಬಂದರೂ ಗೊತ್ತಾಗುವುದಿಲ್ಲ, ಮಂತ್ರ ತಾಯಿತ ಅಂತ ಕೂರುತ್ತಾರೆ ಅನ್ನುವುದು ಆಗ ಓದಿದವರ ನಂಬಿಕೆ. ಸಿಕ್ಕ ಉತ್ತರ ಬೇರೆ. ರೋಗ ಇದ್ದ ಬಹುಪಾಲು ಜನಕ್ಕೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೋ ಆರೋಗ್ಯ ಕೇಂದ್ರಕ್ಕೋ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಅಂದರೆ ರೋಗಿ ಬಾಗಿಲಿಗೆ ಬಂದು ನಿಂತಿದ್ದಾನೆ, ನಾವೇ ಗುರುತಿಸುತ್ತಿಲ್ಲ. ಊರೂರಿಗೆ ಎಕ್ಸ್‌ರೇ ವ್ಯಾನು ಓಡಿಸುವ ಮೊದಲು ಆರೋಗ್ಯ ಕೇಂದ್ರಕ್ಕೆ ಕೆಮ್ಮುತ್ತಾ ಬಂದವನ ಕಫ ನೋಡಿ. ಅದಕ್ಕೆ ಕರೆಂಟು ಬೇಡ, ಮೈಕ್ರೋಸ್ಕೋಪಿನ ಕೆಳಗೆ ಕನ್ನಡಿ ಇದೆ, ಕಿಟಕಿ ಪಕ್ಕ ಇಟ್ಟರೆ ಬಿಸಿಲೇ ಸಾಕು. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಈ ಯೋಚನೆಯ ಮೇಲೇ ನಿಂತದ್ದು.

ಬಡ ದೇಶ, ಅದಕ್ಕೇ ಅಗ್ಗದ ದಾರಿ ಹಿಡಿದರು ಅಂತ ಅನ್ನಿಸಬಹುದಲ್ಲ? ನನಗೂ ಹಾಗೇ ಅನ್ನಿಸಿತ್ತು. ಆದರೆ ಇದೇ ಸಂಸ್ಥೆಯ ನಾಗಪಾಲ್ ಮತ್ತು ಸಂಗಡಿಗರು 1970ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಬೆಂಗಳೂರಿನ ಟಿಬಿ ಚಿಕಿತ್ಸಾಲಯಕ್ಕೆ ಬಂದ 2,229 ಹೊರರೋಗಿಗಳ ಎಕ್ಸ್‌ರೇ ತೆಗೆದರು, ಕಫವನ್ನು ಕಲ್ಚರಿಗೂ ಹಾಕಿದರು. ಕಲ್ಚರ್ ಅಂದರೆ ಮೊಟ್ಟೆಯಿಂದ ಮಾಡಿದ ಗಟ್ಟಿ ಆಹಾರದ ಮೇಲೆ ಕಫದ ಕ್ರಿಮಿಯನ್ನು ಬೆಳೆಸುವುದು. ಆರೆಂಟು ವಾರ ಕಾಯಬೇಕು, ಆದರೆ ಅದೇ ಅತಿ ನಂಬಿಕಸ್ತ ಸಾಕ್ಷಿ. ಎಕ್ಸ್‌ರೇ ನೋಡಿ ಟಿಬಿ ಅಂದದ್ದು 227 ಜನಕ್ಕೆ. ಅವರಲ್ಲಿ 81 ಜನರ ಕಫದಲ್ಲಿ ಏನೂ ಬೆಳೆಯಲಿಲ್ಲ. ಇತ್ತ ಕ್ರಿಮಿ ಬೆಳೆದ ಒಟ್ಟು 177 ಜನರಲ್ಲಿ 31 ಜನರನ್ನು ಎಕ್ಸ್‌ರೇ 'ಟಿಬಿ ಅಲ್ಲ' ಅಂತ ಬಿಟ್ಟಿತ್ತು.

ಮತ್ತೊಮ್ಮೆ ಓದಿ ನೋಡಿ. ಎಕ್ಸ್‌ರೇ ಟಿಬಿ ಅಂದ ಪ್ರತಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಅದರ ಪುರಾವೆ ಇಲ್ಲ. ಕಲ್ಚರ್ ಬೆಳೆಯದ ಟಿಬಿಯೂ ಇರುತ್ತದೆ, ಆದ್ದರಿಂದ 81 ಜನಕ್ಕೂ ರೋಗ ಇರಲಿಲ್ಲ ಅನ್ನಲಾಗದು. ಹಾಗಿದ್ದರೂ... ಇದು ಅಚ್ಚಾಗಿ ಹನ್ನೊಂದು ವರ್ಷದ ಮೇಲೆ, ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿ, ಕಿಟಕಿಯ ಬೆಳಕಿಗೆ ಫಿಲ್ಮ್ ಹಿಡಿದು ತೀರ್ಪು ಕೊಟ್ಟಿದ್ದರು. ಸರ್ಕಾರಿ ನಿಯಮ ಕಫ ನೋಡು ಅನ್ನುತ್ತಿತ್ತು, ಪೇಟೆಯ ಅಭ್ಯಾಸ ಫೋಟೊ ತೆಗೆ ಅನ್ನುತ್ತಿತ್ತು. ಜನರಿಗೂ ಫೋಟೊ ಮೇಲೇ ನಂಬಿಕೆ. ದುಡ್ಡು ಕೊಟ್ಟ ಮೇಲೆ ಕೈಗೆ ಒಂದು ದೊಡ್ಡ ಕವರ್ ಸಿಗುತ್ತದಲ್ಲ!

ಹಾಗಂತ ಕಫವನ್ನು ಹೊಗಳಿ ಮುಗಿಸಿದರೆ ಅನ್ಯಾಯ. ಮೈಕ್ರೋಸ್ಕೋಪು ಇದೆ ಅಂದರೆ ನಮ್ಮಂಥ ದೇಶದಲ್ಲಿ ಬಹುಮಟ್ಟಿಗೆ ಇದೆ. ಇಲ್ಲ ಅಂದರೆ ಇಲ್ಲ ಅಂತ ನಂಬುವ ಹಾಗಿಲ್ಲ. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಕ್ರಿಮಿ ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಕಲ್ಚರಿನಲ್ಲಿ ಸಿಗುವ ರೋಗಿಗಳಲ್ಲಿ ಎಷ್ಟೋ ಕಡೆ ಅರ್ಧದಷ್ಟು ಜನ ಇದರ ಕಣ್ಣು ತಪ್ಪಿಸುತ್ತಾರೆ. ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ನುಂಗಿಬಿಡುತ್ತವೆ. ಎಚ್‌ಐವಿ ಇದ್ದವರ ಕಫದಲ್ಲಿ ಕ್ರಿಮಿ ಕಡಿಮೆ, ಸಾಯುವ ಸಾಧ್ಯತೆ ಹೆಚ್ಚು. ಅರವತ್ತರ ದಶಕದವರಿಗೆ ಇದು ಗೊತ್ತಿತ್ತು. ಕ್ರಿಮಿ ಹೇರಳವಾಗಿರುವವರೇ ಹೆಚ್ಚಾಗಿ ಹರಡುವವರು, ಬೇಗ ಸಾಯುವವರೂ ಅವರೇ, ಮೊದಲು ಅವರನ್ನು ಹಿಡಿಯೋಣ ಅನ್ನುವುದು ಅವರ ವಾದ.

ತಪ್ಪಿಸಿಕೊಂಡವರ ಗತಿ ಏನು? ಅದಕ್ಕೂ ಬೆಂಗಳೂರು ಸಂಸ್ಥೆಯದೇ ಉತ್ತರ ಇದೆ, ಓದಲು ಸಂಕಟವಾಗುತ್ತದೆ. 1961ರಿಂದ 68ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಐದು ವರ್ಷ ಜನರನ್ನು ಮತ್ತೆ ಮತ್ತೆ ನೋಡಿದರು. ಆ ಪ್ರದೇಶದಲ್ಲಿ ಇನ್ನೂ ಟಿಬಿ ಕಾರ್ಯಕ್ರಮ ಬಂದಿರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡವರಲ್ಲಿ ಐದು ವರ್ಷದ ಕೊನೆಗೆ ನೂರಕ್ಕೆ 49 ಜನ ಸತ್ತಿದ್ದರು, 33 ಜನ ತಾವಾಗಿ ವಾಸಿಯಾಗಿದ್ದರು, 18 ಜನ ಇನ್ನೂ ಕ್ರಿಮಿ ಉಗುಳುತ್ತಿದ್ದರು. ಇವತ್ತಾದರೆ ಯಾವ ನೈತಿಕ ಸಮಿತಿಯೂ ಇಂಥಾ ಅಧ್ಯಯನಕ್ಕೆ ಒಪ್ಪಿಗೆ ಕೊಡುವುದಿಲ್ಲ. ಆದರೂ ಚಿಕಿತ್ಸೆ ಇಲ್ಲದಿದ್ದರೆ ಟಿಬಿ ಏನು ಮಾಡುತ್ತದೆ ಅಂತ ಜಗತ್ತಿನ ಪುಸ್ತಕಗಳಲ್ಲಿ ಬರೆಯುವಾಗ ಈ ಹಳ್ಳಿಗಳ ಲೆಕ್ಕ ಬರುತ್ತದೆ. ಅವರ ಹೆಸರು ಬರುವುದಿಲ್ಲ.

ಕಫ ಪರೀಕ್ಷೆಯ ನಿಖರತೆ ಅನ್ನುವುದು ಬರೀ ಲೆನ್ಸಿನಲ್ಲಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಹೆಂಗಸರ ಕಫದಲ್ಲಿ ಕ್ರಿಮಿ ಸಿಗುವುದು ಗಂಡಸರಿಗಿಂತ ಕಡಿಮೆ ಇತ್ತು. ಯಾಕೆ? ನಾಚಿಕೆ. ನಾಲ್ಕು ಜನರ ಎದುರು ಹೆಂಗಸು ಕ್ಯಾಕರಿಸಿ ಉಗುಳುವುದುಂಟೇ? ಡಬ್ಬಿಗೆ ಎಂಜಲು ಉಗುಳಿ ಕೊಟ್ಟುಬಿಡುತ್ತಿದ್ದರು. ಸಂಶೋಧಕರು ಕೆಲವರಿಗೆ ಎರಡು ನಿಮಿಷ ಬಿಡಿಸಿ ಹೇಳಿದರು. ಎಂಜಲಲ್ಲ ಕಫ ಬೇಕು, ಉಸಿರು ಒಳಗೆಳೆದುಕೊಂಡು ಆಳದಿಂದ ಕೆಮ್ಮಿ. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಹೇಳದೆ ಬಿಟ್ಟ ಹೆಂಗಸರಲ್ಲಿ ನೂರಕ್ಕೆ 8 ಜನರ ಕಫದಲ್ಲಿ ಕ್ರಿಮಿ ಸಿಕ್ಕಿತು, ಹೇಳಿಸಿಕೊಂಡವರಲ್ಲಿ 13 ಜನರದರಲ್ಲಿ. ಹೊಸ ಯಂತ್ರ ಇಲ್ಲ, ಹೊಸ ಬಣ್ಣ ಇಲ್ಲ, ಎರಡು ಮಾತು ಅಷ್ಟೇ.

ಲ್ಯಾಬಿನವರ ಕಷ್ಟ ಇನ್ನೊಂದು. ಒಂದು ಸ್ಲೈಡಿನಲ್ಲಿ ನೂರು ಜಾಗ ನೋಡದೆ ಇಲ್ಲ ಅನ್ನುವ ಹಾಗಿಲ್ಲ, ಅದಕ್ಕೆ ಐದು ನಿಮಿಷವಾದರೂ ಬೇಕು. ಇಪ್ಪತ್ತು ಇಪ್ಪತ್ತೈದು ಸ್ಲೈಡಾದ ಮೇಲೆ ಕಣ್ಣು ಸೋಲುತ್ತದೆ. ಆ ಮೇಲಿನ ಸ್ಲೈಡುಗಳ 'ಇಲ್ಲ'ವನ್ನು ನಂಬುವುದು ಹೇಗೆ? 1997ರಿಂದ ದೇಶಕ್ಕೆ ಹರಡಿದ ಪರಿಷ್ಕೃತ ಕಾರ್ಯಕ್ರಮದಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಕೆಲವು ಸ್ಲೈಡುಗಳನ್ನು ಆರಿಸಿ ಮೊದಲ ಫಲಿತಾಂಶ ತಿಳಿಸದೆ ಇನ್ನೊಬ್ಬರಿಂದ ಮತ್ತೆ ನೋಡಿಸುವುದು. 1947ರ ಆ ಐದು ತಜ್ಞರ ಪಾಠ ಇಲ್ಲಿಗೆ ಬಂದು ಮುಟ್ಟಿತ್ತು ಅನ್ನಿ.

ಈ ಮಧ್ಯೆ ಒಂದು ಮೋಸದ ಅಧ್ಯಾಯವೂ ಇದೆ. ಕಫ ಯಾಕೆ, ಎರಡು ಹನಿ ರಕ್ತ ಕೊಡಿ ಸಾಕು ಅಂತ ಖಾಸಗಿ ಲ್ಯಾಬುಗಳಲ್ಲಿ ಟಿಬಿಯ ರಕ್ತ ಪರೀಕ್ಷೆ ಬಂತು. ರಕ್ತದಲ್ಲಿನ ಪ್ರತಿಕಾಯ ನೋಡುವ ಪರೀಕ್ಷೆ. ನಮ್ಮ ದೇಶದಲ್ಲಿ ಟಿಬಿ ಕ್ರಿಮಿ ಮೈಯೊಳಗೆ ಸೇರಿಯೂ ರೋಗ ಬಾರದವರು ಕೋಟಿಗಟ್ಟಲೆ ಇದ್ದಾರೆ. ತೋಳಿಗೆ ಚುಚ್ಚಿ ಊತ ಅಳೆಯುವ ಮಾಂಟೂ ಪರೀಕ್ಷೆ 1908ರಿಂದ ಇದ್ದರೂ ದೊಡ್ಡವರಲ್ಲಿ ರೋಗ ಹೇಳಲು ಕೆಲಸಕ್ಕೆ ಬಾರದ್ದು ಇದೇ ಕಾರಣಕ್ಕೆ. ಈ ರಕ್ತ ಪರೀಕ್ಷೆಗಳೋ, ಇದ್ದವರನ್ನು ಬಿಡುತ್ತಿದ್ದವು, ಇಲ್ಲದವರನ್ನು ಹಿಡಿಯುತ್ತಿದ್ದವು. ಭಾರತದಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಇಂಥಾ ಪರೀಕ್ಷೆ ನಡೆಯುತ್ತಿತ್ತು ಅಂತ ಅಂದಾಜು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವನ್ನು ಬಳಸಲೇಬೇಡಿ ಅಂದಿತು, 2012ರ ಜೂನ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ತಟ್ಟೆ ಲೋಟ ಬೇರೆಯಾಗಿದ್ದವೋ!

ನಿಜವಾದ ಹೆಜ್ಜೆ ಬಂದದ್ದು ಕ್ರಿಮಿಯನ್ನು ಕಣ್ಣಲ್ಲಿ ಹುಡುಕುವುದು ಬಿಟ್ಟು ಅದರ ಡಿಎನ್‌ಎ ಹುಡುಕಿದಾಗ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಜೀನ್‌ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯೊಳಗೆ ಟಿಬಿ ಇದೆಯೇ ಅನ್ನುವುದರ ಜೊತೆಗೆ ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಅಂತಲೂ ಹೇಳಿತು. ಮೈಕ್ರೋಸ್ಕೋಪಿಗೆ ಕಾಣದೆ ಕಲ್ಚರಿನಲ್ಲಿ ಮಾತ್ರ ಸಿಕ್ಕ ರೋಗಿಗಳಲ್ಲಿ ನೂರಕ್ಕೆ 72 ಜನರನ್ನು ಒಂದೇ ಪರೀಕ್ಷೆಯಲ್ಲಿ ಹಿಡಿಯಿತು. ಅದಕ್ಕೆ ಸರಿಯಾದ ಕರೆಂಟು ಬೇಕು, ಎಸಿ ಬೇಕು. ಹಳ್ಳಿಗೆ ಒಗ್ಗುವಂಥದ್ದು ಬೇಕು ಅಂತ ಬ್ಯಾಟರಿಯಲ್ಲಿ ನಡೆಯುವ ಟ್ರೂನ್ಯಾಟ್ ಮಾಡಿದವರು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್, ತಯಾರಿಸಿದ್ದು ಗೋವಾದ ಮೊಲ್‌ಬಯೊ. 2020ರಲ್ಲಿ ಅದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಬೆಂಗಳೂರಿಗೆ ಈ ಕಥೆಯಲ್ಲಿ ಎರಡನೇ ಸಲ ಪಾತ್ರ. ಈ ಪರೀಕ್ಷೆಗೂ ಒಂದು ದೋಷ ಇದೆ, ಸತ್ತ ಕ್ರಿಮಿಯ ಡಿಎನ್‌ಎ ಸಿಕ್ಕರೂ 'ಇದೆ' ಅಂದುಬಿಡಬಹುದು. ಒಮ್ಮೆ ಟಿಬಿ ಬಂದು ವಾಸಿಯಾದವರ ವಿಷಯದಲ್ಲಿ ಹುಷಾರಾಗಿರಬೇಕು.

ಇಷ್ಟೆಲ್ಲ ಆದ ಮೇಲೆ ಎಕ್ಸ್‌ರೇ ಮೂಲೆಗೆ ಸೇರಿತು ಅಂದುಕೊಂಡಿದ್ದೆ. ಇಲ್ಲ! 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ ಕೆಮ್ಮು ಜ್ವರ ಕೇಳುವುದರ ಜೊತೆ ಎಲ್ಲರಿಗೂ ಎಕ್ಸ್‌ರೇ ಕೂಡ ತೆಗೆದರು. ಸಿಕ್ಕ ರೋಗಿಗಳಲ್ಲಿ ನೂರಕ್ಕೆ 42.6 ಭಾಗ ಎಕ್ಸ್‌ರೇ ಇಲ್ಲದಿದ್ದರೆ ಕೈತಪ್ಪಿ ಹೋಗುತ್ತಿದ್ದರು. ಲಕ್ಷಣ ಇದ್ದವರಲ್ಲೂ 63.6 ಭಾಗ ಜನ ಯಾವ ಆಸ್ಪತ್ರೆಗೂ ಹೋಗಿರಲಿಲ್ಲ. ತುಮಕೂರಿನ ಹಳ್ಳಿಯವರು ಆ ಕಾಲದಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಹೋಗಿ ಬಂದಿದ್ದರು ಅನ್ನುವುದನ್ನು ಇದರ ಪಕ್ಕ ಇಟ್ಟರೆ ಏನು ಹೇಳಬೇಕೋ ತೋಚುವುದಿಲ್ಲ. ಎರಡು ಅಧ್ಯಯನಗಳ ರೀತಿ ಬೇರೆ, ಹೋಲಿಕೆ ಪೂರ್ತಿ ಸರಿಯಲ್ಲ, ಆದರೂ.

ಹಾಗಾಗಿ ಈಗ ಎಕ್ಸ್‌ರೇ ಮತ್ತೆ ಹಳ್ಳಿಗೆ ಬಂದಿದೆ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ. ಫಿಲ್ಮ್ ಓದುವುದಕ್ಕೆ ಕಂಪ್ಯೂಟರ್ ಬಂದಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 15 ವರ್ಷ ದಾಟಿದವರ ಮೊದಲ ಸೋಸುವಿಕೆಗೆ ಅದನ್ನು ಒಪ್ಪಿದೆ. ವ್ಯತ್ಯಾಸ ಒಂದೇ, ಕಲೆ ಕಂಡರೆ ಅದು ತೀರ್ಪಲ್ಲ, ಅನುಮಾನ. ಆಮೇಲೆ ಕಫ ನೋಡಬೇಕು. 1981ರಲ್ಲೂ ಇದನ್ನು ಮಾಡಲು ಅಡ್ಡಿಯೇನಿರಲಿಲ್ಲ. ಮೈಕ್ರೋಸ್ಕೋಪು ಇತ್ತು, ಬಣ್ಣ ಇತ್ತು, ಒಂದು ಡಬ್ಬಿ ಬೇಕಿತ್ತು.

2025ರಲ್ಲಿ ನಮ್ಮೂರ ಶಾಲೆಯಲ್ಲಿ ಟಿಬಿ ತಪಾಸಣೆ ಕ್ಯಾಂಪ್ ಆಯಿತು. ಅರವತ್ತು ದಾಟಿದವರೆಲ್ಲ ಬರಬೇಕು ಅಂತ ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಿ ಹೋಗಿದ್ದಳು. ನಾನು ಅವತ್ತು ಊರಲ್ಲೇ ಇದ್ದೆ, ಅತ್ತೆಯನ್ನು ಒಪ್ಪಿಸಿ ಕರೆದುಕೊಂಡು ಹೋದೆ. ಇಷ್ಟೆಲ್ಲ ಓದಿದ್ದನ್ನು ದಾರಿಯುದ್ದಕ್ಕೂ ಹೇಳಿದೆ, ಈಗ ಹಂಗಲ್ಲ ಅತ್ತೆ, ಫೋಟೊ ನೋಡಿ ಯಾರೂ ಏನೂ ಅನ್ನಲ್ಲ ಅಂತ. ಕ್ಯಾಮೆರಾ ಥರದ ಆ ಯಂತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೇಜಿನ ಹತ್ತಿರ ಹೋಗಿ ಆ ಹುಡುಗಿಯ ಮುಂದೆ ಕೈ ಚಾಚಿ ಹೇಳಿದರು.

"ಒಂದು ಡಬ್ಬಿ ಕೊಡಮ್ಮ. ನಾಳೆ ಬೆಳಗ್ಗೆ ಎದ್ದ ತಕ್ಷಣ ಕಫ ತಂದ್ಕೊಡ್ತೀನಿ. ಫೋಟೊ ಮಾತ್ರ ಬೇಡ."